ಸಾಹುಕಾರರು ತೊಳೆದ ಪಿಯಾನೋ

ನನ್ನ ಗಂಡ ಸಣ್ಣತಿಮ್ಮಪ್ಪನವರಿಗೆ ಸಿಟ್ಟೇ ಬರುತ್ತಿರಲಿಲ್ಲ. ಅವರ ಪಾಲಿನ ಸಿಟ್ಟನ್ನೂ ದೇವರು ನನಗೇ ಕೊಟ್ಟು ಕೈತೊಳೆದುಕೊಂಡಿದ್ದ. ಅದಕ್ಕೇ ಅವರ ಕತೆಯನ್ನು ನಾನು ಹೇಳಬೇಕು. ಅವರನ್ನು ಕೇಳಿದ್ದರೆ "ಏನೋ ಆತು, ಹೋಗ್ಲಿ ಬಿಡ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಹೋಗಲಿ ಬಿಡುವ ಜಾತಿಯವಳು ನಾನಲ್ಲ. ನನ್ನ ಹೆಸರು ಉಡಚಮ್ಮ; ದಾವಣಗೆರೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅಕ್ಕೋರಾಗಿದ್ದವಳು. ನಾನು ಮಗ್ಗಿ ಹೇಳಿಸಿದರೆ ರಸ್ತೆಯಲ್ಲಿ ಹೋಗುವ ಎತ್ತಿನ ಗಾಡಿಯವರಿಗೂ ಬಾಯಿಪಾಠವಾಗುತ್ತಿತ್ತಂತೆ. ಆಗಲಿ, ಒಳ್ಳೆಯದೇ ಆಯಿತು.

ಇವರು ನಾಟಕ ಕಂಪನಿಯೊಂದರಲ್ಲಿ ಕಾಲುಪೇಟಿ ನುಡಿಸುತ್ತಿದ್ದವರು. ಕಾಲಲ್ಲಿ ತುಳಿದು ಗಾಳಿ ತುಂಬಿಸುತ್ತ ಎರಡೂ ಕೈಯಲ್ಲಿ ನುಡಿಸುವ, ಮೇಜಿನಷ್ಟು ದೊಡ್ಡ ಹಾರ್ಮೋನಿಯಂ ಅದು. ಐವತ್ಮೂರನೆಯ ಇಸವಿಯಲ್ಲಿ ಆ ಕಂಪನಿ ಹರಿಹರದ ಹೊಳೆದಂಡೆಯಲ್ಲಿ ಕ್ಯಾಂಪು ಹಾಕಿ, ಜನ ಬಾರದೆ ಅಲ್ಲೇ ಒಡೆದುಹೋಯಿತು. ರಾಜನ ಪಾರ್ಟಿನವನು ಕಿರೀಟ ಹೊತ್ತುಕೊಂಡು ಹೋದ, ಅಡುಗೆಯವನು ಹಂಡೆ ಹೊತ್ತುಕೊಂಡು ಹೋದ, ಇವರ ಪಾಲಿಗೆ ಕಾಲುಪೇಟಿ ಬಂತು. ಅದನ್ನು ಗಾಡಿಯ ಮೇಲೆ ಹೇರಿಕೊಂಡು ಕಾಯಿಪೇಟೆಯ ನಮ್ಮ ಬಾಡಿಗೆ ಮನೆಗೆ ತಂದರು. ಬಾಗಿಲಲ್ಲಿ ತೂರಲಿಲ್ಲ. ಚೌಕಟ್ಟು ಬಿಚ್ಚಿಸಿ ಒಳಗೆ ಹಾಕಿಸಿದೆ. ಮನೆಯ ಮಾಲೀಕ ಓಡಿಬಂದು ಕೂಗಾಡಿದ, ನಾನೂ ಕೂಗಾಡಿದೆ. ಇವರು ಮಾತ್ರ ಪೇಟಿಯ ಧೂಳು ಒರೆಸುತ್ತ ಕೂತಿದ್ದರು.

ಆಮೇಲೆ ಮಕ್ಕಳಿಗೆ ಪಾಠ ಶುರುಮಾಡಿದರು. ದಾವಣಗೆರೆಯಲ್ಲಿ ನಮ್ಮ ಮನೆಯಲ್ಲಿ. ವಾರಕ್ಕೆರಡು ದಿನ ರೈಲು ಹತ್ತಿ ಹೋಗಿ ಹರಿಹರದಲ್ಲಿ ಮಕ್ತುಮ್ ಸಾಬರ ಅಂಗಡಿಯ ಅಟ್ಟದ ಮೇಲೆ. ಮಕ್ತುಮ್ ಸಾಬರು ಬಡಗಿ. ಕಂಪನಿಯ ಕಾಲದಿಂದಲೂ ಪೇಟಿ ರಿಪೇರಿ ಮಾಡಿಕೊಡುತ್ತಿದ್ದ ಗೆಳೆಯ. ಮಕ್ಕಳು ಬಹಳ, ಪೇಟಿ ಒಂದೇ. ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ಪೇಟಿಯಲ್ಲಿ ಬೆರಳಿಂದ ಒತ್ತುವ ಪಟ್ಟಿಗಳಿಗೆ ಮನೆ ಎನ್ನುತ್ತಾರೆ. ಮಾವಿನ ಹಲಗೆಯನ್ನು ನುಣ್ಣಗೆ ಮಾಡಿ, ಅದರ ಮೇಲೆ ಬಿಳಿ ಮನೆ ಕರಿ ಮನೆಗಳನ್ನು ಬಣ್ಣದಲ್ಲಿ ಅಳತೆಗೆ ಸರಿಯಾಗಿ ಬರೆದು, ಮಗುವಿಗೊಂದರಂತೆ ಹಂಚಿದರು. ಮಕ್ಕಳು ತಮ್ಮ ಮನೆಗೆ ಹೋಗಿ ಆ ಹಲಗೆಯ ಮೇಲೆ ಬೆರಳು ಆಡಿಸಬೇಕು, ಸ್ವರವನ್ನು ಬಾಯಲ್ಲಿ ಹೇಳಿಕೊಳ್ಳಬೇಕು. ಅದಕ್ಕೆ 'ಮೂಕಪೇಟಿ' ಎಂದು ಹೆಸರಿಟ್ಟವಳು ನಾನು.

ಆ ಮೂಕಪೇಟಿಗಳಿಗೆ ಈ ಊರಿನವರು ಏನು ಮಾಡಿದರು ಕೇಳಿ. ಒಬ್ಬಳು ಅದರ ಮೇಲೆ ಸಂಡಿಗೆ ಒಣಗಿಸಿದಳು. ಇನ್ನೊಬ್ಬಳು ನೀರಿನ ಹಂಡೆಗೆ ಮುಚ್ಚಿದಳು. ಅಂಜಿನಪ್ಪ ಎಂಬೊಬ್ಬ ಮಂಡಕ್ಕಿ ಭಟ್ಟಿಯವನು ಮಗನ ಹಲಗೆಯ ಮೇಲೆ ಈರುಳ್ಳಿ ಹೆಚ್ಚುತ್ತ ಕೂತಿದ್ದನ್ನು ನಾನೇ ಕಣ್ಣಾರೆ ಕಂಡೆ. ಮೈಯೆಲ್ಲ ಉರಿದುಹೋಯಿತು. "ಏನ್ ಅಂಜಿನಪ್ಪ, ಕರಿ ಮನಿ ಮ್ಯಾಲೆ ಹೆಚ್ಚಿದ್ರೆ ಖಾರ ಜಾಸ್ತಿ ಆಗ್ತೈತೇನು?" ಎಂದೆ. "ಹಲಿಗಿ ಭಾಳ ಗಟ್ಟಿ ಐತೆ ನೋಡ್ರಿ ಅಕ್ಕೋರೆ, ಇನ್ನೊಂದು ಕೊಡಿಸ್ರಿ" ಎಂದ! ಅವನಿಗೆ ಏನು ಹೇಳುವುದು? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಇನ್ನು ಹೆಣ್ಣು ಹೆತ್ತವರದು ಬೇರೆಯೇ ಕಾಟ. ಮಗಳಿಗೆ ಹದಿನಾರು ತುಂಬುವವರೆಗೆ ಸಂಗೀತದ ನೆನಪೇ ಇರುವುದಿಲ್ಲ. ಗಂಡಿನ ಕಡೆಯವರು ಬರುವ ದಿನ ಗೊತ್ತಾದ ಕೂಡಲೇ ಓಡಿ ಬರುತ್ತಾರೆ. "ಮಾಸ್ತರೆ, ಬರೋ ಸೋಮವಾರದೊಳಗೆ ಒಂದು ಹಾಡು ಕೂಡಿಸಿಬಿಡ್ರಿ. ಒಂದೇ ಒಂದು ಸಾಕ್ರಿ." ಸೋಮವಾರದೊಳಗೆ ಒಂದು ಹಾಡು! ಇವರೇನು ರವಿಕೆ ಹೊಲಿದು ಕೊಡುವವರೇ? ಮನೆಗಳ ಮೇಲೆ ಸ ರಿ ಗ ಮ ಎಂದು ಚೀಟಿ ಅಂಟಿಸಿ, ಚೀಟಿ ನೋಡಿ ಒತ್ತಿಸಿ, ಮದುವೆ ಗಟ್ಟಿಯಾದ ಮರುದಿನ ಪೇಟಿಯನ್ನು ಅಟ್ಟಕ್ಕೆ ಏರಿಸುತ್ತಾರೆ. ನಾನು ಅಡುಗೆಮನೆಯಿಂದಲೇ ಪಾತ್ರೆ ಕುಕ್ಕುತ್ತಿದ್ದೆ. ಇವರು ಅಂಥವರಿಗೂ "ಬರ್ರಿ, ಕೂಡ್ರಿ" ಎಂದು ಚಾಪೆ ಹಾಸುತ್ತಿದ್ದರು.

ತಪ್ಪು ನುಡಿಸಿದ ಮಕ್ಕಳಿಗೂ ಬೈಯುತ್ತಿರಲಿಲ್ಲ. "ಇರ್ಲಿ ಮರಿ, ಇನ್ನೊಂದ್ಸಲ" ಅಷ್ಟೇ. ಒಂದು ದಿನ ನಾನು ರೇಗಿಬಿಟ್ಟೆ. "ನಿಮ್ಮ ಬಾಯಿಗೆ ಏನಾಗೈತ್ರಿ? ಆ ಹುಡುಗ ಅರ್ಧ ಗಂಟೆಯಿಂದ ಅದೇ ತಪ್ಪು ಮಾಡಾಕೆ ಹತ್ಯಾನೆ. ಒಂದು ಸಲ ಗದರಿಸ್ರಿ!"

ಇವರು ನಕ್ಕರು. "ನಮ್ಮ ಗುರುಗಳು ಎಲ್ಲಾರಿಗೂ ಬೈತಿದ್ದಿಲ್ಲ ಉಡಚಿ. ಹೆಂಗೂ ಪೇಟಿ ಬಿಟ್ಟು ಹೋಗ್ತಾವೆ ಅನ್ನೋ ಮಕ್ಕಳಿಗೆ ಬೆಲ್ಲ ಕೊಟ್ಟು ಕಳಿಸ್ತಿದ್ರು. ಇದು ನಿಲ್ತೈತೆ ಅನ್ನಿಸಿದ ಮಗೀಗೆ ಮಾತ್ರ ಊರು ಕೇಳಂಗೆ ಬೈತಿದ್ರು. ನನ್ನನ್ನ ಬೈದಾಗ ಕಂಪನಿ ಮಂದಿಯೆಲ್ಲ ಬಂದು ಕೈ ಕುಲುಕಿದ್ರು."

"ಮತ್ತೆ ನೀವು?"

"ನನಗೆ ಬೈಯೋವಂಥ ಮಗು ಇನ್ನಾ ಸಿಕ್ಕಿಲ್ಲ. ಸಾಯೋದ್ರೊಳಗೆ ಒಂದು ಸಿಕ್ರೆ ಸಾಕು."

ನಮಗೆ ಮಕ್ಕಳಿರಲಿಲ್ಲ. ಬೈಯಲಿಕ್ಕೆ ಒಂದು ಮಗು ಬೇಕೆಂದು ಹರಕೆ ಹೊತ್ತ ಗಂಡಸನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಹೀಗಿರುವಾಗ ಹತ್ತಿ ಮಂಡಿಯ ಹಾಲೇಶಪ್ಪ ಸಾಹುಕಾರರು ಪಿಯಾನೋ ತಂದರು. ಹರಿಹರದ ಕಡೆ ಕಾರ್ಖಾನೆಯೊಂದಕ್ಕೆ ಬಂದಿದ್ದ ಬಿಳಿ ಇಂಜಿನಿಯರೊಬ್ಬ ದೇಶಕ್ಕೆ ಹೊರಟಿದ್ದ. ಅವನ ಹೆಂಡತಿಯ ಪಿಯಾನೋವನ್ನು ಸಾಹುಕಾರರು ಕೊಂಡರು. ಎರಡು ಹತ್ತಿ ಅಂಡಿಗೆಗಳ ನಡುವೆ ಅದನ್ನು ಇಟ್ಟು ಗಾಡಿಯಲ್ಲಿ ತಂದಾಗ ಮಂಡಿಪೇಟೆಗೆ ಮಂಡಿಪೇಟೆಯೇ ನೋಡಲು ನಿಂತಿತ್ತು. ನುಡಿಸುವವರು ಯಾರು ಎಂಬ ಯೋಚನೆ ಸಾಹುಕಾರರಿಗೆ ಬಂದದ್ದು ಅದು ಪಡಸಾಲೆಯಲ್ಲಿ ಕೂತ ಮೇಲೆ. ಆಳನ್ನು ಅಟ್ಟಿದರು. "ಅದೂ ಪೇಟಿನೇ ಅಲ್ಲೇನ್ರಿ ಮಾಸ್ತರೆ. ನಮ್ಮ ಹುಡುಗೀಗೆ ಕಲಿಸ್ರಿ. ದಾವಣಗೆರ್ಯಾಗೆ ಯಾರ ಮನ್ಯಾಗೂ ಇಲ್ಲ ನೋಡ್ರಿ ಇದು."

ಇವರಿಗೆ ಪಿಯಾನೋ ಬರುತ್ತಿರಲಿಲ್ಲ. ಹರಿಹರಕ್ಕೆ ಹೋಗಿ, ಗಂಟು ಮೂಟೆ ಕಟ್ಟುತ್ತಿದ್ದ ಆ ಬಿಳಿ ಹೆಂಗಸನ್ನು ಕಂಡು, ಮೂಕಪೇಟಿಯ ಮೇಲೆ ಕೈಸನ್ನೆಯಲ್ಲೇ ಒಂದು ಮಧ್ಯಾಹ್ನ ಪಾಠ ಹೇಳಿಸಿಕೊಂಡು ಬಂದರು. "ಮನೆಗಳು ಅವೇ ಉಡಚಿ, ಗುಣ ಬ್ಯಾರೆ. ಪೇಟ್ಯಾಗೆ ಒತ್ತಿ ಹಿಡಿದ್ರೆ ಸ್ವರ ನಿಲ್ತೈತೆ. ಇದ್ರಾಗೆ ಹುಟ್ಟಿದ ಕೂಡ್ಲೇ ಸಾಯಾಕೆ ಶುರು ಆಗ್ತೈತೆ" ಎಂದು ರಾತ್ರಿ ಊಟ ಬಿಟ್ಟು ಅದನ್ನೇ ಹೇಳಿದರು. ಸಾರು ಆರಿಹೋಯಿತು.

ಸಾಹುಕಾರರ ಮಗಳು ನೀಲಾಂಬಿಕೆಗೆ ಆಗ ಒಂಬತ್ತೋ ಹತ್ತೋ ವರ್ಷ. ನಾವು ನೀಲಿ ಎನ್ನುತ್ತಿದ್ದೆವು. ಅದಕ್ಕೂ ಮೊದಲು ಅವಳ ಅವ್ವ ಒಂದು ಕೈಪೇಟಿ ತರಿಸಿಕೊಟ್ಟು ನಾಲ್ಕು ದಿನ ಆಡಿಸಿದ್ದಳಂತೆ. ಹಾಗಾಗಿ ಪಿಯಾನೋ ಮುಂದೆ ಕೂತಾಗ ಹುಡುಗಿಯ ಎಡಗೈ ತಾನೇ ತಾನಾಗಿ ಗಾಳಿ ಹಾಕುವ ಹಾಗೆ ಹಿಂದೆ ಮುಂದೆ ಆಡುತ್ತಿತ್ತು. ಅದನ್ನು ನಿಲ್ಲಿಸಿ ಆ ಕೈಗೂ ಕೆಲಸ ಕೊಡಲು ಇವರಿಗೆ ಒಂದು ಮಳೆಗಾಲವೇ ಹಿಡಿಯಿತು. ಮೂಕಪೇಟಿಯೊಂದನ್ನು ಅವಳಿಗೂ ಕೊಟ್ಟರು. ಹಲಗೆಯ ಮೇಲೆ ಎಡಗೈ, ಬಲಗೈ, ಎರಡೂ ಕೈ. ಆ ಹಲಗೆಯ ಮೇಲೆ ಯಾರೂ ಸಂಡಿಗೆ ಇಡಲಿಲ್ಲ. ನೀಲಿ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳಂತೆ.

ಒಂದು ಸಂಜೆ ಇವರು ಪಾಠ ಮುಗಿಸಿ ಬಂದವರು ಚಪ್ಪಲಿ ಬಿಡದೆ ಒಳಗೆ ಬಂದರು. ಮುಖ ನೋಡಿ ನನಗೆ ಹೆದರಿಕೆಯಾಯಿತು.

"ಏನಾತ್ರಿ?"

"ಇವತ್ತು ಪಾಠದ ನಡುವೆ ಹತ್ತಿ ಮಿಲ್ಲಿನ ಸೈರನ್ ಕೂಗ್ತು. ನೀಲಿ ಕೈ ನಿಲ್ಲಿಸಿ ಕೇಳಿ, ಮಾಸ್ತರೆ, ಮಿಲ್ಲು ಕರಿ ಎರಡರಾಗೆ ಕೂಗ್ತೈತೆ ಅಂತು. ಒತ್ತಿ ನೋಡಿದೆ. ಕರಿ ಎರಡೇ!" ಎರಡನೆಯ ಕರಿ ಮನೆಯ ಸ್ವರ ಎಂದು ಅದರ ಅರ್ಥ. "ನಾನು ಹೇಳಿಕೊಟ್ಟಿದ್ದಿಲ್ಲ ಉಡಚಿ. ತಾನೇ ಕೇಳಿಸ್ಕಂತು."

"ಹಂಗಾದ್ರೆ ಬೈದ್ರೋ?"

"ಈಗ ಬ್ಯಾಡ. ಇನ್ನೂ ಎಳೇದು, ಬೈದ್ರೆ ಹೆದರ್ಕಂತೈತೆ. ಬರೋ ವರ್ಷ ಬೈಯಬಹುದು" ಎಂದರು. ಆ ವರ್ಷವಿಡೀ ಅವರು ನಡೆಯುತ್ತಿದ್ದ ರೀತಿಯೇ ಬೇರೆಯಾಗಿತ್ತು. ನಾಟಕದಲ್ಲಿ ಪರದೆ ಏಳುವ ಮುಂಚೆ ನುಡಿಸುವ, ಗತ್ತು ಎಂಬ ಮಾತಿಲ್ಲದ ಸ್ವರಕಟ್ಟು ಇತ್ತು, ಅವರ ಗುರುಗಳದು. ಎರಡೂ ಕೈಗೆ ಬೆವರಿಳಿಸುವಂಥದು. ಅದನ್ನು ಪಿಯಾನೋಕ್ಕೆ ಹೊಂದಿಸಿ ಅವಳಿಗೆ ಒಂದೊಂದೇ ಸಾಲು ಕೂಡಿಸತೊಡಗಿದರು.

ಮರುವರ್ಷ ಆಯುಧಪೂಜೆ ಬಂತು. ಆ ಹೆಸರು ಹೇಳಿದರೆ ಇವತ್ತಿಗೂ ನನ್ನ ಅಂಗಾಲಿನ ಸಿಟ್ಟು ನೆತ್ತಿಗೇರುತ್ತದೆ.

ನಮ್ಮ ಕಡೆ ಗೊತ್ತಲ್ಲ, ಅನ್ನ ಕೊಡುವ ಸಾಮಾನನ್ನೆಲ್ಲ ತೊಳೆದು ಪೂಜೆ ಮಾಡಬೇಕು. ಸಾಹುಕಾರರ ಮನೆಯಲ್ಲಿ ಹತ್ತಿ ಬಿಡಿಸುವ ಜಿನ್ನು ತೊಳೆದರು, ಲಾರಿ ತೊಳೆದರು, ತಕ್ಕಡಿ ತೊಳೆದರು. ಆಮೇಲೆ ಸಾಹುಕಾರರ ಕಣ್ಣು ಪಿಯಾನೋ ಮೇಲೆ ಬಿತ್ತು. ಇವರು ಮೊದಲ ದಿನವೇ ಹೇಳಿದ್ದರು, "ಅರಿವೀಲಿ ಧೂಳು ಒರೆಸ್ರಿ ಸಾಕು, ನೀರು ಮುಟ್ಟಿಸಬ್ಯಾಡ್ರಿ" ಎಂದು. ನೀಲಿಯೂ ಅವತ್ತು ಬೇಡ ಬೇಡ ಎಂದು ಅಡ್ಡ ನಿಂತಳಂತೆ. "ಲಾರೀನೇ ತೊಳೀತೀವಿ, ಇದೇನು ಲಾರಿಗಿಂತ ಹೆಚ್ಚೇನು? ವರ್ಷಕ್ಕೊಂದು ಸಲನಾದ್ರೂ ಮೈಲಿಗೆ ಕಳೀಬೇಕು" ಎಂದು ಮಗಳನ್ನು ಪಕ್ಕಕ್ಕೆ ಸರಿಸಿ, ಮುಚ್ಚಳ ತೆಗೆಸಿ, ಒಳಗೆಲ್ಲ ಧೂಳು ಎಂದು ಕೊಡಗಟ್ಟಲೆ ನೀರು ಹುಯ್ಯಿಸಿದರು! ಸಾಲದ್ದಕ್ಕೆ ಮೇಲೆ ವಿಭೂತಿ ಪಟ್ಟೆ ಎಳೆದು, ಕಾಯಿ ಒಡೆದು, ಅದರ ನೀರಿನ ತೀರ್ಥವನ್ನು ಮನೆಗಳ ಮೇಲೆ ಚಿಮುಕಿಸಿದರು. ಅಯ್ಯೋ ನನ್ನ ಶಿವನೇ! ದೇವರಿಗೆ ಭಕ್ತಿ ಬೇಕು ನಿಜ, ಬುದ್ಧಿ ಬೇಡ ಎಂದು ಯಾರು ಹೇಳಿದರು?

ಮಾರನೆಯ ದಿನ ವಿಜಯದಶಮಿ. ಬನ್ನಿ ಕೊಡಲು ನಾವಿಬ್ಬರೂ ಅವರ ಮನೆಗೆ ಹೋದೆವು. ಪಡಸಾಲೆ ತುಂಬ ಜನ. ಪಿಯಾನೋ ಕೊರಳಿಗೆ ಚೆಂಡುಹೂವಿನ ಹಾರ. ಸಾಹುಕಾರರು ಮಗಳನ್ನು ಕರೆದು "ನುಡಿಸವ್ವ, ನಾಲ್ಕು ಮಂದಿ ಕೇಳ್ಲಿ" ಎಂದರು. ಹುಡುಗಿ ಕೂತಳು. ಒತ್ತಿದ ಮನೆ ಒಳಗೇ ಹೂತುಕೊಂಡಿತು. ಇನ್ನೊಂದು 'ಟಕ್' ಎಂದಿತು. ಮರ ನೀರು ಕುಡಿದು ಉಬ್ಬಿತ್ತು. ಜನ ಕಿಸಕ್ಕೆಂದರು. ಸಾಹುಕಾರರ ಮುಖ ಕೆಂಪಗಾಯಿತು. ಅವರು ತಿರುಗಿದ್ದು ಯಾರ ಕಡೆ? ನನ್ನ ಗಂಡನ ಕಡೆ.

"ಏನ್ರೀ ಮಾಸ್ತರೆ, ಹೆಂಗೆಂಗೋ ಬಡಿಸಿ ಬಡಿಸಿ ಕೆಡಿಸಿ ಇಟ್ಟೀರಲ್ಲ! ನಾಟಕದ ಮಂದಿ ಕೈಗೆ ಕೊಟ್ಟಿದ್ದೇ ತಪ್ಪಾತು. ನಾಳಿಂದ ಬರಬ್ಯಾಡ್ರಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು: "ನೀರು ಹುಯ್ದವರು ಯಾರ್ರಿ ಸಾಹುಕಾರ್ರೆ?" ಇವರು ನನ್ನ ರಟ್ಟೆ ಹಿಡಿದುಕೊಂಡರು. ಹೆಂಗಸರೆಲ್ಲ ನನ್ನನ್ನೇ ನೋಡಿದರು. "ಹೋಗ್ಲಿ ಬಿಡು" ಎಂದು ಇವರು ನನ್ನನ್ನು ಹೊರಗೆ ಎಳೆದುಕೊಂಡು ಬಂದರು. ದಾರಿಯುದ್ದಕ್ಕೂ ನಾನು ಇವರನ್ನೇ ಬೈದೆ. ಊರವರಿಗೆ ಬೈಯಲು ಬಿಡದಿದ್ದರೆ ಮತ್ತೆ ಯಾರಿಗೆ ಬೈಯಲಿ?

ಮಕ್ತುಮ್ ಸಾಬರನ್ನು ಹರಿಹರದಿಂದ ಕರೆಸಿ ತೋರಿಸಿದೆವು. ಸಾಹುಕಾರರ ಹೆಂಡತಿ ಗಂಡನಿಲ್ಲದ ಹೊತ್ತು ನೋಡಿ ಬಾಗಿಲು ತೆಗೆದಿದ್ದಳು. ಅವರು ಒಳಗೆ ಇಣುಕಿ, ಅಂಟು ಬಿಟ್ಟ ತುಂಡುಗಳನ್ನು ಕೈಯಲ್ಲಿ ಹಿಡಿದು ಹೊರಗೆ ಬಂದು ಹೇಳಿದರು: "ಅಕ್ಕೋರೆ, ಹಿಂಗೆ ಪೂರ್ತಿ ಮೈ ತೊಳೆದು ಹೂವಿನ ಹಾರ ಹಾಕೋದು ಮಯ್ಯತ್ತಿಗೆ, ಹೆಣಕ್ಕೆ. ಈಗ ನನ್ನ ಕರೆಸಿದ್ರೆ ಏನ್ ಮಾಡ್ಲಿ? ದುವಾ ಮಾಡಬಹುದು ಅಷ್ಟೇ." ಇವರು ಅದಕ್ಕೂ ನಗಲಿಲ್ಲ.

ಪಿಯಾನೋ ಸತ್ತರೆ ಸಾಯಲಿ, ನಮ್ಮ ಮನೆಯ ಕಾಲುಪೇಟಿ ಬದುಕಿತ್ತಲ್ಲ. ನೀಲಿಯನ್ನು ನಮ್ಮ ಮನೆಗೆ ಕಳಿಸಿ ಎಂದು ನಾನೇ ಹೋಗಿ ಕೇಳಿದೆ. ಸಾಹುಕಾರರ ಮಗಳು ನಾಟಕದವನ ಮನೆಗೆ ಬಂದು ಪೇಟಿ ತುಳಿಯುವುದೇ? ಮಾನ ಹೋಗುತ್ತದಂತೆ. ಪಿಯಾನೋಕ್ಕೆ ಸ್ನಾನ ಮಾಡಿಸಿದಾಗ ಹೋಗದ ಮಾನ!

ಅಲ್ಲಿಗೆ ಪಾಠ ನಿಂತಿತು. ಆದರೆ ಹುಡುಗಿ ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ಒಂದು ದಿನ ಮಕ್ಕಳು ಮಗ್ಗಿ ಹೇಳುತ್ತಿದ್ದಾಗ ಅವಳ ಬೆರಳುಗಳು ಮುಂದಿನ ಬೆಂಚಿನ ಅಂಚಿನ ಮೇಲೆ ಆಡುತ್ತಿದ್ದವು. ಸಂಜೆ ಇವರಿಗೆ ಹೇಳಿದೆ.

"ಯಾವ ಕೈ?" ಎಂದರು.

"ಎರಡೂ."

ಇವರು ಎದ್ದು ಹೋಗಿ ಪೇಟಿಯ ಮೇಲಿನ ಬಟ್ಟೆ ತೆಗೆದು, ಮತ್ತೆ ಹೊದಿಸಿ ಬಂದರು. ಏಳನೆಯ ಕ್ಲಾಸು ಮುಗಿದ ಮೇಲೆ ಅವಳನ್ನು ಶಾಲೆ ಬಿಡಿಸಿದರು. ಆಮೇಲೆ ಆ ಬೆರಳುಗಳಿಗೆ ಏನಾಯಿತೋ ತಿಳಿಯುವ ದಾರಿಯೇ ಇರಲಿಲ್ಲ. ಬೇರೆ ಮಕ್ಕಳು ಬಂದರು, ಹೋದರು. ಇವರು ಎಲ್ಲರಿಗೂ "ಇರ್ಲಿ ಮರಿ" ಎನ್ನುತ್ತ ಬೆಲ್ಲ ಕೊಟ್ಟು ಕಳಿಸಿದರು. ಮಿಲ್ಲಿನ ಸೈರನ್ ಕೂಗಿದಾಗ ಮಾತ್ರ ಕರಿ ಎರಡರ ಮೇಲೆ ಒಮ್ಮೆ ಬೆರಳಿಡುತ್ತಿದ್ದರು. ಆ ಸೈರನ್ನಿಗೂ ನಾನು ಶಾಪ ಹಾಕಿದ್ದೇನೆ.

ಅರವತ್ನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಾಲೇಶಪ್ಪ ಸಾಹುಕಾರರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಎಂದೂ ಬಾರದವರು. ನಾನು ಚಾಪೆ ಹಾಸಲಿಲ್ಲ. ಇವರೇ ಹಾಸಿದರು.

ವಿಷಯ ಇಷ್ಟು. ಮಗಳನ್ನು ನೋಡಲು ರಾಣೆಬೆನ್ನೂರಿನ ದೊಡ್ಡ ಹತ್ತಿ ವ್ಯಾಪಾರಿಗಳ ಮನೆಯವರು ಬರುತ್ತಿದ್ದರು. ಸಾಹುಕಾರರು ಮೊದಲೇ ಕೊಚ್ಚಿಕೊಂಡಿದ್ದರು, ನಮ್ಮ ಹುಡುಗಿ ಪಿಯಾನೋ ನುಡಿಸುತ್ತಾಳೆ ಎಂದು. ಅವರು ಅದನ್ನೇ ಕೇಳಲು ಬರುತ್ತಾರಂತೆ. ಪಿಯಾನೋ ಹೊರಗಿನಿಂದ ಪಾಲಿಶ್ ಹೊಡೆಸಿ ಪಡಸಾಲೆಯಲ್ಲಿ ನಿಂತಿತ್ತು, ಒಳಗೆ ಜೀವವಿರಲಿಲ್ಲ.

"ನೀವು ನಾಟಕದಾಗೆ ಇದ್ದವ್ರು, ನಿಮಗೆ ಹೇಳಿಕೊಡಬೇಕೇನ್ರಿ?" ಎಂದರು ಸಾಹುಕಾರರು. "ನಿಮ್ಮ ಕಾಲುಪೇಟಿ ಹಿತ್ತಲ ಬಾಗಲಾಗೆ ತಂದು ಒಳಗಿನ ಕೋಣ್ಯಾಗೆ ಇಡಿಸ್ರಿ. ನಡುವೆ ಪರದೆ ಬಿಡ್ತೀನಿ. ಹುಡುಗಿ ಪಿಯಾನೋ ಮ್ಯಾಲೆ ಸುಮ್ನೆ ಕೈ ಆಡಿಸ್ತಾಳೆ, ನೀವು ಪರದೆ ಹಿಂದಿಂದ ನುಡಿಸಿಬಿಡ್ರಿ. ಅವ್ರಿಗೇನು ಗೊತ್ತಾಗ್ತೈತೆ?"

ನಾನು ಎದ್ದು ನಿಂತೆ. "ಅವತ್ತು ನಾಟಕದ ಮಂದಿ ಬ್ಯಾಡಾದ್ರು, ಇವತ್ತು ನಾಟಕಾನೇ ಬೇಕಾತೇನ್ರಿ?"

ಸಾಹುಕಾರರು ನೆಲ ನೋಡಿದರು. ಇವರು "ಆಗ್ಲಿ, ಬರ್ತೀನಿ" ಎಂದುಬಿಟ್ಟರು! ಅವರು ಹೋದ ಮೇಲೆ ನಾನು ಕೈಯಲ್ಲಿದ್ದ ಸೌಟು ಎಸೆದೆ. "ನಿಮಗೆ ಮೈಮ್ಯಾಲೆ ಚರ್ಮ ಐತೋ ಇಲ್ಲೋ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಇವರು ಅಡಿಕೇನೂ ಕೊಡಲಿಲ್ಲ!"

"ಒಂದು ಸಲ ಆ ಹುಡುಗಿ ಬೆರಳು ನೋಡಬೇಕು ಉಡಚಿ. ಉಳಿದಾವೋ ಸತ್ತಾವೋ ಗೊತ್ತಾದ್ರೆ ಸಾಕು" ಎಂದರು. ಆ ಮಾತಿಗೆ ನಾನು ಸೌಟು ಎತ್ತಿಟ್ಟು, ಅವರ ಜೊತೆ ನಾನೂ ಬರುತ್ತೇನೆಂದೆ.

ಅವತ್ತು ಪಡಸಾಲೆಯಲ್ಲಿ ಗಂಡಿನ ಕಡೆಯವರು ಜಮಖಾನೆಯ ಮೇಲೆ ಕೂತಿದ್ದರು. ನಡುವೆ ಮೂಗುಬೊಟ್ಟಿನ ಮುದುಕಿಯೊಬ್ಬಳು, ಹುಡುಗನ ಅಜ್ಜಿ. ಒಳಗಿನ ಕೋಣೆಯಲ್ಲಿ ಇವರು ಕಾಲುಪೇಟಿಯ ಮುಂದೆ, ಪಕ್ಕದಲ್ಲಿ ನಾನು. ಪರದೆಯ ಸಂದಿಯಲ್ಲಿ ಪಿಯಾನೋದ ಮನೆಗಳು ಕಾಣುತ್ತಿದ್ದವು. ನೀಲಿ ರೇಷ್ಮೆ ಸೀರೆಯಲ್ಲಿ ಬಂದು ಕೂತಳು. ಎಷ್ಟು ಬೆಳೆದಿದ್ದಳು! ಒಮ್ಮೆ ಪರದೆಯ ಕಡೆ ನೋಡಿದಳು. ಹಿಂದೆ ಯಾರಿದ್ದಾರೆಂದು ಅವಳಿಗೆ ಗೊತ್ತಿತ್ತು. ಇವರು ಕಾಲು ತುಳಿದು ಪೇಟಿಗೆ ಗಾಳಿ ತುಂಬಿಕೊಂಡು, ಕೈ ಎತ್ತಿ ಸಿದ್ಧರಾದರು.

ನೀಲಿ ಶುರುಮಾಡಿದಳು. ಸುಮ್ಮನೆ ಕೈ ಆಡಿಸುವುದಲ್ಲ, ನುಡಿಸಿಯೇ ಶುರುಮಾಡಿದಳು. ಟಕ್ ಟಕ್ ಟಕ್. ಸತ್ತ ಮನೆಗಳ ಮೇಲೆ ಎರಡೂ ಕೈ ಹರಿದಾಡಿದವು. ಎಲ್ಲೋ ಬದುಕುಳಿದಿದ್ದ ಒಂದೆರಡು ತಂತಿಗಳು ನಡುನಡುವೆ ಗೊರ ಗೊರ ಎಂದವು. ಮರದ ಸಪ್ಪಳ ಬಿಟ್ಟರೆ ಬೇರೇನಿಲ್ಲ.

ಇವರ ಕೈ ಗಾಳಿಯಲ್ಲೇ ನಿಂತಿತ್ತು.

ಹೋಗಬೇಡಿ ಎಂದು ಬೈದವಳು ನಾನೇ, ಈಗ ಆ ಹುಡುಗಿಯ ಮಾನ ಹೋಗುತ್ತದಲ್ಲ ಎಂದು ನಾನೇ ಪಿಸುಗುಟ್ಟಿದೆ, "ತುಳೀರಿ! ನುಡಿಸ್ರಿ!"

"ಸುಮ್ನಿರು" ಎಂದರು. ನಮ್ಮ ಮದುವೆಯಾದಾಗಿನಿಂದ ಅವರು ನನಗೆ ಸುಮ್ಮನಿರು ಎಂದದ್ದು ಅದೇ ಮೊದಲು. "ಪರದೆ ಏಳೋ ಗತ್ತು ಅದು. ಸರಿಯಾಗಿ ನುಡಿಸಾಕೆ ಹತ್ಯಾಳೆ." ಕಾಲನ್ನು ಮೆಲ್ಲಗೆ ಪೇಟಿಯಿಂದ ಕೆಳಗಿಳಿಸಿದರು. ತೊಡೆಯ ಮೇಲೆ ತಾಳ ಹಾಕುತ್ತ, ಆ ಟಕ್ ಟಕ್ಕಿನಲ್ಲಿ ಒಂದೊಂದು ಸ್ವರವನ್ನೂ ಕೇಳಿಸಿಕೊಳ್ಳುತ್ತ ಕೂತರು. ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಇವರು ಹತ್ತು ವರ್ಷದ ಮಗುವಿಗೆ ಕೂಡಿಸಿದ್ದು ಅರ್ಧ ಗತ್ತು ಮಾತ್ರ. ಅದಾದ ಮೇಲಿನದನ್ನು ಆ ಹುಡುಗಿ ತಾನೇ ಕಟ್ಟಿಕೊಂಡಿದ್ದಳು, ಹಲಗೆಯ ಮೇಲೆ, ಒಂದು ಸ್ವರವನ್ನೂ ಕಿವಿಯಲ್ಲಿ ಕೇಳದೆ.

ಅವಳು ನಡುವೆ ಬಿಡಲಿಲ್ಲ. ಗಂಡಿನವರು ಮುಖ ಮುಖ ನೋಡಿಕೊಂಡರು, ಯಾರೋ ಕೆಮ್ಮಿದರು, ಸಾಹುಕಾರರು ಪರದೆಯ ಕಡೆ ಹುಬ್ಬು ಹಾರಿಸಿ ಹಾರಿಸಿ ಸೋತರು. ಅವಳು ಕಡೆಯ ಸಾಲಿನವರೆಗೂ ನುಡಿಸಿ, ಕೈ ಮಡಿಲಲ್ಲಿ ಇಟ್ಟುಕೊಂಡಳು. ಅಷ್ಟು ಹೊತ್ತು ಅಷ್ಟು ಜನರನ್ನು ಬರೀ ಸಿಟ್ಟಿನಿಂದ ಸುಮ್ಮನೆ ಕೂರಿಸಿದ ಇನ್ನೊಬ್ಬರನ್ನು ನಾನು ನೋಡಿಲ್ಲ. ನಾನೂ ಮೇಷ್ಟರಗಿತ್ತಿಯೇ, ನನಗೂ ಆಗಿಲ್ಲ.

ಅಜ್ಜಿಯೇ ಬಾಯಿ ಬಿಟ್ಟಳು. "ಕೈ ಏನೋ ಚೆಂದ ಆಡ್ತಾವವ್ವ. ಆದ್ರೆ ಸಪ್ಪಳನೇ ಬರ್ಲಿಲ್ಲಲ್ಲ?"

"ಸಪ್ಪಳ ಇತ್ತಜ್ಜಿ" ಎಂದಳು ನೀಲಿ. "ಅದನ್ನ ನಮ್ಮಪ್ಪ ತೊಳೆದುಬಿಟ್ರು."

ಸಾಹುಕಾರರು ಪರದೆ ಸರಿಸಿ ಒಳಗೆ ನುಗ್ಗಿದರು. ಹಲ್ಲು ಕಚ್ಚಿಕೊಂಡು, "ಯಾಕ ನುಡಿಸಲಿಲ್ಲ? ಒಪ್ಪಿಕೊಂಡು ಬಂದು ನನ್ನ ಮಾನ ಕಳೆದ್ರಲ್ಲ!" ಎಂದರು.

ಇವರು ಎದ್ದು ನಿಂತರು. "ಆಕಿ ನುಡಿಸ್ತಿರುವಾಗ ನಡುವೆ ಬಾರಿಸಾಕೆ ನಾನ್ಯಾರು ಸಾಹುಕಾರ್ರೆ?" ಎಂದರು. ದನಿ ಏರಿಸಲಿಲ್ಲ. ಗಂಡಿನವರು ಊರಿಗೆ ಹೋಗಿ ತಿಳಿಸುತ್ತೇವೆಂದು ಉಪ್ಪಿಟ್ಟು ಮುಟ್ಟದೆ ಎದ್ದರು. ತಿಳಿಸಲೇ ಇಲ್ಲ. ನಾವು ಪೇಟಿಯನ್ನು ಹಿತ್ತಲ ಬಾಗಿಲಿನಿಂದ ಒಯ್ಯಲಿಲ್ಲ. ನಾನೇ ಮುಂದೆ ನಿಂತು ತಲೆಬಾಗಿಲಿನಿಂದ ಹೊರಡಿಸಿದೆ, ಮಂಡಿಪೇಟೆಯವರೆಲ್ಲ ನೋಡುವ ಹಾಗೆ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಹದಡಿ ಕಡೆಯ ಗಾಡಿಗಳು ಸಂತೆಗೆ ಬರುವ ಹೊತ್ತಿಗೆ, ನೀಲಿ ಕಂಕುಳಲ್ಲಿ ಹಲಗೆ ಇಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಳು. ಹಲಗೆಯ ಬಿಳಿ ಮನೆಗಳೆಲ್ಲ ಬೆರಳು ತಾಗಿ ತಾಗಿ ಅಳಿಸಿಹೋಗಿ ಬರೀ ಮರ ಉಳಿದಿತ್ತು. ಕೆನ್ನೆಯ ಮೇಲೆ ಹೊಡೆತದ ಬಾವು ಇನ್ನೂ ಇಳಿದಿರಲಿಲ್ಲ. ಅದನ್ನು ನೋಡಿ ನಾನು ಅವರಪ್ಪನ ಮನೆಗೆ ಹೊರಟೇಬಿಟ್ಟಿದ್ದೆ, ಅವಳೇ ತಡೆದಳು.

"ಅವ್ವ ಬಾಗಲಾ ತೆಗೆದು ಕಳಿಸ್ಯಾಳೆ ಅಕ್ಕೋರೆ. ದಿನಾ ಕಳಿಸ್ತೀನಿ, ನಿಮ್ಮಪ್ಪ ಅದೇನು ಮಾಡ್ಕಂತಾರೋ ಮಾಡ್ಕಳ್ಳಿ ಅಂದ್ಲು. ಎಲ್ಲಿ ಕೂತ್ಕಳ್ಳಿ?"

ಇವರು ಪೇಟಿಯ ಬಟ್ಟೆ ತೆಗೆದರು. ಅವಳು ಕೂತಳು. ತುಳಿಯುವುದು ಹೊಸದು, ಮೊದಲು ಕಾಲು ತಡವರಿಸಿತು, ಆಮೇಲೆ ಗಾಳಿ ತುಂಬಿತು. ಗತ್ತು ಶುರುವಾಯಿತು. ಈ ಸಲ ಸಪ್ಪಳದ ಜೊತೆ. ಬೀದಿಯ ಮಕ್ಕಳು ಕಿಟಕಿಗೆ ಬಂದರು. ನಾನು ಕೈಯಲ್ಲಿ ಹಿಟ್ಟು ಮೆತ್ತಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. ನನಗಂತೂ ಅಷ್ಟು ಚೆಂದದ್ದನ್ನು ಕೇಳಿದ ನೆನಪಿಲ್ಲ.

ಮೂರನೆಯ ಸಾಲಿಗೆ ಬಂದಾಗ ಇವರು ಪೇಟಿಯ ಮೇಲೆ ಅಂಗೈ ಬಡಿದರು.

"ನಿಲ್ಸು! ಏನದು? ಎಡಗೈ ಸತ್ತೈತೇನು? ಹಲಿಗಿ ಮ್ಯಾಲೆ ಒತ್ತಿದಂಗೆ ಒತ್ತಿದ್ರೆ ಸ್ವರಕ್ಕೆ ಉಸಿರು ಎಲ್ಲಿಂದ ಬರಬೇಕು? ಕಿವಿ ಐತೋ ಇಲ್ಲೋ? ಮಿಲ್ಲಿನ ಕೂಗು ಕೇಳಿಸ್ತೈತೆ, ನಿನ್ನ ಕೈಯಾಗಿನ ತಪ್ಪು ಕೇಳಿಸಲ್ವೇನು? ಮೊದಲಿಂದ ನುಡಿಸು! ಮೊದಲಿಂದ!"

ಕಾಯಿಪೇಟೆ ಬೆಚ್ಚಿಬಿತ್ತು. ನಾನು ಅಷ್ಟು ವರ್ಷ ಸಂಸಾರ ಮಾಡಿದ ಗಂಡಸಿನ ಬಾಯಿಂದ ಅಂಥ ದನಿ ಹೊರಟೀತೆಂದು ನನಗೇ ಗೊತ್ತಿರಲಿಲ್ಲ. ನೀಲಿ ಒಂದು ಕ್ಷಣ ಇವರ ಮುಖ ನೋಡಿದಳು. ಹೆದರಲಿಲ್ಲ, ಅಳಲಿಲ್ಲ. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲಿನಿಂದ ಶುರುಮಾಡಿದಳು. ಇವರು ಮತ್ತೆ ಬೈದರು. ಇನ್ನೂ ಗಟ್ಟಿಯಾಗಿ ಬೈದರು.

ಎದುರುಮನೆಯ ಓಬವ್ವ ಗಾಬರಿಯಾಗಿ ಓಡಿಬಂದಳು. "ಏನಾತ್ರಿ ಅಕ್ಕೋರೆ? ಮಾಸ್ತರು ಯಾವತ್ತೂ ಇಲ್ಲದ್ದು ಹಿಂಗೆ ಒದರಾಕೆ ಹತ್ಯಾರಲ್ಲ!"

ನಾನು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡೆ.

"ಏನೂ ಆಗಿಲ್ಲ ಹೋಗು" ಎಂದೆ. "ಪಾಠ ನಡೆದೈತೆ."